ಧೂಮಕೇತು ನೋಡುವುದು ಹೇಗೆ? ಖಗೋಳ ವಿಜ್ಞಾನಿ ಮೇಡಂಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಧೂಮಕೇತು ನೋಡಲು ಏನು ಬೇಕು, ಯಾವಾಗ ನೋಡಬೇಕು ಅಂತ ಗ್ರೂಪಿನಲ್ಲಿ ದಿನಾ ಕೇಳುತ್ತಿದ್ದೀರಿ. ವೀಕ್ಷಣಾಲಯದಲ್ಲಿ ಕೆಲಸ ಮಾಡುವ ನಮ್ಮ ಸದಸ್ಯೆಯೊಬ್ಬರು ಬಿಡುವಾದಾಗ ಇಲ್ಲೇ ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಹಾಕುವ ಮೊದಲು ಮೇಲಿನದನ್ನು ಓದಿ. ಫಾರ್ವರ್ಡ್ ಹಾಕಬೇಡಿ.

ಹೊಸಬ: ಮೇಡಂ, ನನ್ನ ಹತ್ತಿರ ಸದ್ಯಕ್ಕೆ ಏನೂ ಇಲ್ಲ. ಟೆಲಿಸ್ಕೋಪ್ ತಗೊಳ್ಳಬೇಕಾ, ಬೈನಾಕ್ಯುಲರ್ ಸಾಕಾ?

ಮೇಡಂ: ಬೈನಾಕ್ಯುಲರ್ ಸಾಕು. 7×50 ಅಥವಾ 10×50. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎನ್ನುವುದು. ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಧೂಮಕೇತು ನಕ್ಷತ್ರದ ಹಾಗೆ ಚುಕ್ಕಿಯಲ್ಲ, ಹರಡಿಕೊಂಡ ಮಸುಕು ಬೆಳಕು. ಅದನ್ನು ಜಾಸ್ತಿ ದೊಡ್ಡದು ಮಾಡಿದರೆ ಬೆಳಕು ಇನ್ನಷ್ಟು ತೆಳುವಾಗಿ ಆಕಾಶದಲ್ಲಿ ಕಲೆತುಹೋಗುತ್ತದೆ. ಬಾಲವಂತೂ ಟೆಲಿಸ್ಕೋಪಿನ ಚಿಕ್ಕ ನೋಟದಲ್ಲಿ ಹಿಡಿಸುವುದೇ ಇಲ್ಲ. 15×70 ತಗೊಂಡರೆ ಕೈಯಲ್ಲಿ ಅಲುಗಾಡದಂತೆ ಹಿಡಿಯಲು ಆಗುವುದಿಲ್ಲ, ಟ್ರೈಪಾಡ್ ಬೇಕೇ ಬೇಕು. ಜಪಾನಿನ ಯುಜಿ ಹ್ಯಾಕುಟಾಕೆ 1996ರ ಜನವರಿ 30ರಂದು ತನ್ನ ಹೆಸರಿನ ಧೂಮಕೇತುವನ್ನು ಕಂಡುಹಿಡಿದದ್ದು ಬೈನಾಕ್ಯುಲರಿನಲ್ಲೇ. ಅವರದು 25×150ರ ದೊಡ್ಡ ಬೈನಾಕ್ಯುಲರ್ ನಿಜ. ಆದರೂ ಬೈನಾಕ್ಯುಲರೇ.

ಮೂರನೇ ಮಹಡಿ: ಮೇಡಂ, ಮೊಬೈಲನ್ನು ಐಪೀಸಿಗೆ (ಕಣ್ಣಿಡುವ ಕಡೆಯ ಲೆನ್ಸಿಗೆ) ಕೂರಿಸುವ ಹೋಲ್ಡರ್ ಸಿಗುತ್ತಲ್ಲಾ, ಅದು ಬೈನಾಕ್ಯುಲರಿಗೂ ಆಗುತ್ತಾ?

ದೊಡ್ಡ ಲೆನ್ಸ್: ನನ್ನ ಟೆಲಿಸ್ಕೋಪಿನ ಡಬ್ಬದ ಮೇಲೆ 675 ಪಟ್ಟು ಅಂತ ಬರೆದಿದೆ. ಲೆನ್ಸ್ 60 ಮಿಮೀ. ಇದರಲ್ಲಿ ಧೂಮಕೇತುವಿನ ನಡುವಿನ ಗಟ್ಟಿ ಕಲ್ಲು ಕಾಣುತ್ತಾ?

ಮೇಡಂ: ಇಲ್ಲ. 60 ಮಿಮೀ ಲೆನ್ಸಿಗೆ 120 ಪಟ್ಟು ದಾಟಿದರೆ ಬರೀ ಮಸುಕು. ಹವ್ಯಾಸಿಗಳ ಯಾವ ಟೆಲಿಸ್ಕೋಪಿನಲ್ಲೂ ಆ ಗಟ್ಟಿ ತಿರುಳು ಕಾಣುವುದಿಲ್ಲ. ಹ್ಯಾಲಿ ಧೂಮಕೇತುವಿನ ತಿರುಳು ಸುಮಾರು 15 ಕಿಮೀ ಉದ್ದ. ಅದರ ಆಕಾರ ನೋಡಲು 1986ರ ಮಾರ್ಚಿನಲ್ಲಿ ಜಿಯೊಟ್ಟೊ ನೌಕೆ ಅದರಿಂದ 600 ಕಿಮೀ ದೂರದವರೆಗೆ ಹೋಗಬೇಕಾಯಿತು. ನಿಮ್ಮಲ್ಲಿರುವ ಅತಿ ಕಡಿಮೆ ಪವರಿನ ಐಪೀಸ್ ಹಾಕಿ ನೋಡಿ. ಐಪೀಸಿನ ಮೇಲೆ ದೊಡ್ಡ ಅಂಕಿ ಇದ್ದರೆ ಪವರ್ ಕಡಿಮೆ.

ಬಾಲಚುಕ್ಕಿ ಬೆನ್ನತ್ತಿ: ಮ್ಯಾಗ್ನಿಟ್ಯೂಡ್ 5 ಅಂತ ಆ್ಯಪಿನಲ್ಲಿ ಇತ್ತು. ಬರಿಗಣ್ಣಿಗೆ 6ರವರೆಗೂ ಕಾಣಬೇಕು ಅಲ್ವಾ? ಒಂದು ಗಂಟೆ ಹುಡುಕಿದೆ, ಏನೂ ಕಾಣಲಿಲ್ಲ. ಆ್ಯಪ್ ಸುಳ್ಳಾ?

ಮೇಡಂ: ಆ್ಯಪ್ ಸುಳ್ಳಲ್ಲ. ಮ್ಯಾಗ್ನಿಟ್ಯೂಡ್ ಅಂದರೆ ಬೆಳಕಿನ ಅಳತೆ, ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಆ ಅಂಕಿ ಧೂಮಕೇತುವಿನ ಒಟ್ಟು ಬೆಳಕಿನದು. ನಕ್ಷತ್ರದಲ್ಲಿ ಆ ಬೆಳಕೆಲ್ಲ ಒಂದೇ ಬಿಂದುವಿನಲ್ಲಿರುತ್ತದೆ. ಧೂಮಕೇತುವಿನಲ್ಲಿ ಅದೇ ಬೆಳಕು ಅಗಲಕ್ಕೆ ಹರಡಿರುತ್ತದೆ. ಪರೀಕ್ಷೆ ಮಾಡಬೇಕಿದ್ದರೆ ಎಂ33 ಗ್ಯಾಲಕ್ಸಿ ಹುಡುಕಿ. ಮ್ಯಾಗ್ನಿಟ್ಯೂಡ್ 5.7. ಊರ ದೀಪಗಳ ನಡುವೆ ಬೈನಾಕ್ಯುಲರಿನಲ್ಲೂ ಸಿಗುವುದಿಲ್ಲ. ದೀಪಗಳಿಂದ ದೂರ ಹೋಗಿ. 20–30 ನಿಮಿಷ ಕತ್ತಲಿನಲ್ಲಿ ಕಣ್ಣು ಪಳಗಲಿ. ನಡುವೆ ಮೊಬೈಲ್ ನೋಡಿದರೆ ಲೆಕ್ಕ ಮತ್ತೆ ಮೊದಲಿನಿಂದ. ಜಾಗ ಸಿಕ್ಕ ಮೇಲೆ ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ರೆಟಿನಾದ ನಟ್ಟನಡುವೆ ಮಂದ ಬೆಳಕು ಹಿಡಿಯುವ ಕೋಶಗಳಿಲ್ಲ, ಅವು ಸುತ್ತಲೂ ಇವೆ.

ಹಸಿರು ಬೆಳಕು: ಇವತ್ತು ರಾತ್ರಿ ಯಾವುದಾದರೂ ಧೂಮಕೇತು ಕಾಣುತ್ತಾ ಮೇಡಂ?

ಮೇಡಂ: ಬೈನಾಕ್ಯುಲರಿಗೆ ಸಿಗುವಂಥದ್ದು ವರ್ಷದಲ್ಲಿ ಒಂದೆರಡಾದರೂ ಬರುತ್ತವೆ. ಇವತ್ತಿನದು ಆ್ಯಪಿನಲ್ಲಿ ನೋಡಿಕೊಳ್ಳಿ.

ಕ್ಯಾಮೆರಾ ಕೈ: ನಾನು ತೆಗೆದ ಸಿ/2022 ಇ3 ಝೆಡ್‌ಟಿಎಫ್ ಧೂಮಕೇತುವಿನ ಫೋಟೊ ಹಾಕಿದ್ದೇನೆ, 2023ರ ಜನವರಿ ಕೊನೆಯದು. ಎಷ್ಟು ಹಸಿರು ನೋಡಿ! ಹೊಸಬರು ಇದನ್ನೇ ಹುಡುಕಬೇಕು.

ಮಾಜಿ ಮೇಷ್ಟ್ರು: ಸ್ವಾಮಿ, ಇದು ಎಷ್ಟು ಫೋಟೊ ಪೇರಿಸಿ ಮಾಡಿದ್ದು ಅಂತಲೂ ಬರೆಯಿರಿ. ಹೀಗೇ ಕಾಣುತ್ತದೆ ಅಂದುಕೊಂಡು ಮಕ್ಕಳು ಹೊರಗೆ ಬರುತ್ತಾರೆ. ಬೂದುಬಣ್ಣದ ಮಸುಕು ನೋಡಿ ಬೇಸರವಾಗಿ ಒಳಗೆ ಹೋಗುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಕ್ಯಾಮೆರಾ ಕೈ: ಪೇರಿಸಿದರೆ ಸುಳ್ಳಾಗುತ್ತಾ ಮೇಷ್ಟ್ರೇ? ಆ ಬೆಳಕು ಅಲ್ಲಿಂದಲೇ ಬಂದದ್ದು. ಬಣ್ಣ ನಾನು ಹಚ್ಚಿಲ್ಲ.

ಮಾಜಿ ಮೇಷ್ಟ್ರು: ಸುಳ್ಳು ಅನ್ನಲಿಲ್ಲ. ಕಣ್ಣಿಗೆ ಕಾಣುವುದು ಬೇರೆ ಅಂದೆ.

ದೊಡ್ಡ ಲೆನ್ಸ್: ಕಣ್ಣಿಗೆ ಕಾಣದ್ದನ್ನು ‘ನೋಡಿದೆ’ ಅಂತ ಹಾಕುವುದು ಸರಿಯಲ್ಲ. ಮೇಷ್ಟ್ರು ಹೇಳಿದ್ದು ಸರಿ.

ಕ್ಯಾಮೆರಾ ಕೈ: 675 ಪಟ್ಟಿನ ಡಬ್ಬ ನಂಬಿದವರು ನನಗೆ ಪಾಠ ಹೇಳಬೇಡಿ.

ಮೇಡಂ: ಜಗಳ ಬೇಡ. ಹಸಿರು ನಿಜ. ತಲೆಯ ಸುತ್ತಲಿನ ಅನಿಲದಲ್ಲಿ ಎರಡೆರಡು ಇಂಗಾಲದ ಪರಮಾಣು ಸೇರಿದ ಅಣುಗಳಿರುತ್ತವೆ, ಬಿಸಿಲಿಗೆ ಅವು ಹಸಿರು ಬೆಳಕು ಸೂಸುತ್ತವೆ. ಅದೇ ಬಿಸಿಲು ಆ ಅಣುಗಳನ್ನು ಬೇಗ ಒಡೆಯುತ್ತದೆ. ಅದಕ್ಕೇ ತಲೆ ಹಸಿರು, ಬಾಲ ಹಸಿರಲ್ಲ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸುತ್ತದೆ, ಕಣ್ಣು ಕೂಡಿಸುವುದಿಲ್ಲ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣವೂ ಗೊತ್ತಾಗುವುದಿಲ್ಲ. ಫೋಟೊ ಹಾಕುವವರು ಲೆನ್ಸ್, ಎಷ್ಟು ಸೆಕೆಂಡು, ಎಷ್ಟು ಫೋಟೊ ಸೇರಿಸಿದ್ದು ಅಂತ ಕೆಳಗೆ ಬರೆಯಿರಿ. ಅಲ್ಲಿಗೆ ಮುಗಿಯಿತು.

ಇಬ್ಬರು ಮಕ್ಕಳ ಅಪ್ಪ: ಮೇಡಂ, ನಮ್ಮ ದೊಡ್ಡ ಮಗನಿಗೆ ಹನ್ನೆರಡು ವರ್ಷ, ಧೂಮಕೇತು ಅಂದರೆ ಪ್ರಾಣ. ನಮ್ಮ ಬಡಾವಣೆಯ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದಿದೆ. ‘ಧೂಮಕೇತು ಸೂರ್ಯನಿಗೆ ತೀರಾ ಹತ್ತಿರ ಬಂದಾಗ ಹಗಲಲ್ಲೇ ಕಾಣುತ್ತದೆ. ಬೈನಾಕ್ಯುಲರಿನ ಐಪೀಸಿಗೆ ಎರಡು ಪದರ ಎಕ್ಸ್‌ರೇ ಫಿಲ್ಮ್ ಅಂಟಿಸಿ ಸೂರ್ಯನ ಪಕ್ಕ ಹುಡುಕಿ’ ಅಂತ. ಅವನು ಆಗಲೇ ಹಳೇ ಎಕ್ಸ್‌ರೇ ಕತ್ತರಿಸಿ ಇಟ್ಟುಕೊಂಡಿದ್ದಾನೆ. ಮುಂದಿನ ಸಲ ಅಂಥದ್ದು ಬಂದಾಗ ನೋಡಬೇಕಂತೆ. ಎರಡು ಪದರ ಸಾಕಾ, ಮೂರು ಬೇಕಾ?

ಮೇಡಂ: ಮೊದಲು ಎದ್ದುಹೋಗಿ ಆ ಫಿಲ್ಮ್ ಬೈನಾಕ್ಯುಲರಿನಿಂದ ತೆಗೆಯಿರಿ. ಬೈನಾಕ್ಯುಲರನ್ನು ಅವನ ಕೈಗೆ ಸಿಗದಂತೆ ಮೇಲಿಡಿ. ಆಮೇಲೆ ಇದನ್ನು ಅವನ ಜೊತೆ ಕೂತು ಓದಿ.

50 ಮಿಮೀ ಲೆನ್ಸು ಹಿಡಿಯುವ ಬೆಳಕು, ಬಿಸಿಲಿನಲ್ಲಿ 2 ಮಿಮೀಗೆ ಕುಗ್ಗಿದ ಕಣ್ಣಿನ ಪಾಪೆ ಹಿಡಿಯುವುದರ 600 ಪಟ್ಟಿಗಿಂತ ಜಾಸ್ತಿ. ಅದೆಲ್ಲವೂ ಕಣ್ಣೊಳಗೆ ಹೋಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹೋಗುವ ಪಾಲೇ ರೆಟಿನಾ ಸುಡಲು ಸಾಕು. ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಹುಡುಗ ‘ಅಯ್ಯೋ’ ಅಂತ ಕಣ್ಣು ಕೀಳುವುದಿಲ್ಲ. ಹಾನಿ ಗೊತ್ತಾಗುವುದು ಕೆಲವು ಗಂಟೆ ಕಳೆದ ಮೇಲೆ, ಓದುವ ಪುಟದ ನಡುವೆ ಒಂದು ಕಪ್ಪು ಮಚ್ಚೆ ಕಂಡಾಗ. ಕೆಲವರಿಗೆ ಅದು ಜೀವನಪೂರ್ತಿ ಹೋಗುವುದಿಲ್ಲ.

ಎಕ್ಸ್‌ರೇ ಫಿಲ್ಮ್ ಕಪ್ಪಗೆ ಕಂಡ ಮಾತ್ರಕ್ಕೆ ಸುರಕ್ಷಿತವಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣ ಅದರಲ್ಲಿ ದಾಟಬಹುದು. ಚಿತ್ರ ಮೂಡಿದ ಕಡೆ ಒಂದು ದಪ್ಪ, ಮೂಡದ ಕಡೆ ಒಂದು ದಪ್ಪ. ಮಸಿ ಹಿಡಿದ ಗಾಜು, ಸಿಡಿ, ಎರಡು ತಂಪು ಕನ್ನಡಕ, ಇವೂ ಅಷ್ಟೇ. ಐಪೀಸಿನ ಕಡೆ ಏನು ಅಂಟಿಸಿದರೂ ಅಲ್ಲಿಗೆ ಬರುವುದು ಲೆನ್ಸು ಒಟ್ಟುಗೂಡಿಸಿದ ಬೆಳಕು. ಅದರ ಬಿಸಿಗೆ ಫಿಲ್ಮ್ ಕರಗುತ್ತದೆ, ಗಾಜು ಸೀಳುತ್ತದೆ. ಸೂರ್ಯನನ್ನೇ ನೋಡಲು ಮಾಡಿದ ಸರಿಯಾದ ಫಿಲ್ಟರ್ ಇರುವುದು ಲೆನ್ಸಿನ ಮುಂದೆ ಹಾಕುವುದಕ್ಕೆ. ಗ್ರಹಣ ನೋಡುವ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದೂ ಕೂಡದು. ಐಎಸ್‌ಒ 12312-2 ಅಂತ ಬರೆದ ಕನ್ನಡಕವೂ ಬರಿಗಣ್ಣಿಗೆ ಮಾತ್ರ.

ಇನ್ನೊಂದು ಮಾತು ಅವನೇ ಯೋಚಿಸಲಿ. ಸೂರ್ಯನನ್ನು ಸುರಕ್ಷಿತ ಮಾಡುವಷ್ಟು ಕಪ್ಪಾದ ಫಿಲ್ಟರಿನಲ್ಲಿ ಧೂಮಕೇತು ಕಾಣುವುದಿಲ್ಲ, ಅದು ಸೂರ್ಯನಿಗಿಂತ ಅಷ್ಟೊಂದು ಮಂಕು. ಧೂಮಕೇತು ಕಾಣುವಷ್ಟು ತೆಳುವಾದ ಫಿಲ್ಟರ್ ಸೂರ್ಯನಿಂದ ಕಾಪಾಡುವುದಿಲ್ಲ. ಎರಡೂ ಆಗುವ ಫಿಲ್ಟರ್ ಇಲ್ಲ. ಹಾಗಾಗಿ ಎರಡು ಪದರವೂ ಸಾಲದು, ಮೂರೂ ಸಾಲದು, ಹತ್ತೂ ಸಾಲದು.

ಹಗಲಲ್ಲಿ ಕಂಡ ಧೂಮಕೇತುಗಳು ಇವೆ, ಆ ಮಾತು ನಿಜ. 1965ರ ಅಕ್ಟೋಬರಿನ ಇಕೆಯಾ–ಸೆಕಿ, 2007ರ ಜನವರಿಯ ಮೆಕ್‌ನಾಟ್. ಅವು ಫಿಲ್ಟರ್ ಇಲ್ಲದೆ, ಸೂರ್ಯನನ್ನು ಯಾವುದಾದರೂ ಗೋಡೆಗೆ ಮರೆ ಮಾಡಿದಾಗ ಬರಿಗಣ್ಣಿಗೇ ಕಂಡವು. ಬೈನಾಕ್ಯುಲರ್ ಹಿಡಿದು ಆ ಕೆಲಸ ಮಾಡಲು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ, ಮರೆಯ ಅಂಚಿನಿಂದ ಹೊರಬರಲು ಒಂದೆರಡು ನಿಮಿಷ ಸಾಕು.

ಹುಡುಗನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಕೊಡಿ. ಸೂರ್ಯನನ್ನು ತಟ್ಟೆಯಿಂದ ಮರೆ ಮಾಡಿ ಸುತ್ತಲಿನ ಜಾಗವನ್ನು ಫೋಟೊ ತೆಗೆಯುವ ಕ್ಯಾಮೆರಾ ಸೊಹೊ ಎಂಬ ಬಾಹ್ಯಾಕಾಶ ನೌಕೆಯಲ್ಲಿದೆ. ಆ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ. ಸೊಹೊ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಸಂಖ್ಯೆ 2024ರಲ್ಲಿ 5,000 ದಾಟಿತು. ಹೆಚ್ಚಿನವನ್ನು ಹುಡುಕಿದ್ದು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಸಾಮಾನ್ಯ ಜನ. ಅವನೂ ಹುಡುಕಲಿ.

ಬೆಳಗಿನ ಜಾವ ಆಕಾಶ ನೋಡುವಾಗ ಒಂದು ನಿಯಮ. ಸೂರ್ಯೋದಯಕ್ಕೆ 20 ನಿಮಿಷ ಮೊದಲು ಅಲಾರಂ ಇಡಿ. ಅದು ಹೊಡೆದ ಕೂಡಲೇ ಬೈನಾಕ್ಯುಲರ್ ಪೆಟ್ಟಿಗೆಯೊಳಗೆ. ಸಂಜೆ ಸೂರ್ಯ ಪೂರ್ತಿ ಮುಳುಗುವ ತನಕ ಹೊರಗೆ ತೆಗೆಯಬೇಡಿ.

ಇಬ್ಬರು ಮಕ್ಕಳ ಅಪ್ಪ: ಮೇಡಂ, ಫಿಲ್ಮ್ ಹರಿದುಹಾಕಿದೆ. ಅವನೇ ನಿಂತು ನೋಡಿದ. ಸೊಹೊ ಹುಡುಕುತ್ತಿದ್ದಾನೆ. ತುಂಬಾ ಉಪಕಾರವಾಯಿತು.

ಹಿತವಚನ: ಆದರೆ ನಮ್ಮ ಕಾಲದಲ್ಲಿ ಗ್ರಹಣವನ್ನು ಎಕ್ಸ್‌ರೇಯಲ್ಲೇ ನೋಡಿದ್ದೇವೆ. ಯಾರಿಗೂ ಏನೂ ಆಗಲಿಲ್ಲ.

ಮೇಡಂ: ಆದವರು ಈ ಗ್ರೂಪಿನಲ್ಲಿ ಬಂದು ಬರೆದಿಲ್ಲ, ಅಷ್ಟೇ. ಆ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಹಸಿರು ಬೆಳಕು: ಇವತ್ತು ಕಾಣುತ್ತಾ ಅಂತ ಕೇಳಿದ್ದೆ.

ಮೇಡಂ: ಮೇಲೆ ಉತ್ತರ ಇದೆ.

ನೂರೆಂಟು ನೆನಪು: ಲೆನ್ಸಿನೊಳಗೆ ಬೂಷ್ಟು ಹಿಡಿದಿದೆ. ಟೂತ್‌ಪೇಸ್ಟ್ ಮತ್ತು ವಿನೆಗರ್ ಹಾಕಿ ಉಜ್ಜಿದರೆ ಹೊಸದರಂತಾಗುತ್ತದೆ ಅಂತ ವಿಡಿಯೊದಲ್ಲಿತ್ತು. ಮಾಡಲಾ?

ಮೇಡಂ: ಮಾಡಬೇಡಿ. ಟೂತ್‌ಪೇಸ್ಟ್ ಅಂದರೆ ಉಜ್ಜುವ ಪುಡಿ. ಲೆನ್ಸಿನ ಮೇಲೆ ಬೆಳಕು ಪ್ರತಿಫಲಿಸದಂತೆ ತಡೆಯುವ ತೆಳು ಲೇಪ ಇರುತ್ತದೆ, ಅದು ಕೆರೆದುಹೋಗುತ್ತದೆ. ರಿಪೇರಿಯವರಿಗೆ ಕೊಡಿ. ಮುಂದೆ ಒದ್ದೆಯಾಗಿದ್ದಾಗ ಪೆಟ್ಟಿಗೆಗೆ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ.

ಬಾಲಚುಕ್ಕಿ ಬೆನ್ನತ್ತಿ: ಕನ್ನಡಕ ಹಾಕಿಕೊಂಡೇ ಬೈನಾಕ್ಯುಲರಿನಲ್ಲಿ ನೋಡಬೇಕಾ?

ಮಾಜಿ ಮೇಷ್ಟ್ರು: ಬರೀ ದೂರದೃಷ್ಟಿ, ಸಮೀಪದೃಷ್ಟಿ ಆದರೆ ತೆಗೆದು ಫೋಕಸ್ ಮಾಡಿಕೊಳ್ಳಿ. ಸಿಲಿಂಡರ್ ಪವರ್ ಇದ್ದರೆ ಹಾಕಿಕೊಂಡೇ ನೋಡಿ, ಇಲ್ಲದಿದ್ದರೆ ನಕ್ಷತ್ರಕ್ಕೂ ಬಾಲ ಬರುತ್ತದೆ.

ಹಿತವಚನ: ಫಾರ್ವರ್ಡ್ ಅಂತ ಬೈಯಬೇಡಿ, ಎಚ್ಚರಿಕೆಗಾಗಿ ಹಾಕುತ್ತಿದ್ದೇನೆ. ‘ಧೂಮಕೇತುವಿನ ಬಾಲದಲ್ಲಿ ಸೈನೈಡ್ ಅನಿಲ ಇದೆ. ಭೂಮಿ ಅದರೊಳಗೆ ಹಾದುಹೋಗುವ ರಾತ್ರಿ ಕಿಟಕಿ ಮುಚ್ಚಿ ಮಲಗಿ.’

ಮೇಡಂ: ಇದು ಹಳೇ ಸುಳ್ಳು. ಹ್ಯಾಲಿಯ ಬೆಳಕನ್ನು ಬಿಡಿಸಿ ನೋಡಿದಾಗ ಸಯನೋಜನ್ ಎಂಬ ವಿಷಾನಿಲ ಕಂಡಿತ್ತು. 1910ರ ಮೇನಲ್ಲಿ ಭೂಮಿ ಅದರ ಬಾಲದೊಳಗೆ ಹಾದುಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಜನ ಬೀಗದ ಕಿಂಡಿಗೂ ಬಟ್ಟೆ ತುರುಕಿದರು. ಧೂಮಕೇತುವಿನಿಂದ ಕಾಪಾಡುವ ಗುಳಿಗೆ ಮಾರಿ ಕೆಲವರು ಹಣ ಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಬಾಲದಲ್ಲಿರುವ ಅನಿಲ ಅಷ್ಟು ತೆಳು. ಅಡ್ಮಿನ್, ದಯವಿಟ್ಟು ಆ ಮೆಸೇಜ್ ಅಳಿಸಿ.

ಹಿತವಚನ: ಪ್ರಶ್ನೆ ಕೇಳುವುದೂ ತಪ್ಪಾ?

ದೊಡ್ಡ ಲೆನ್ಸ್: ಅದರಲ್ಲಿ ಪ್ರಶ್ನೆ ಎಲ್ಲಿತ್ತು?

ಅಡ್ಮಿನ್: ಅಳಿಸಿದ್ದೇನೆ. ಇನ್ನೊಂದು ಸಲ ಹಾಕಿದರೆ ಗ್ರೂಪಿನಿಂದ ತೆಗೆಯುತ್ತೇನೆ.

ಪೆನ್ಸಿಲ್ ಹಾಳೆ: ಮೇಡಂ, ಕೇಳಲು ಸ್ವಲ್ಪ ಹಿಂಜರಿಕೆ. 2024ರ ಅಕ್ಟೋಬರ್ 14ರ ಸಂಜೆ ತ್ಸುಚಿನ್ಶಾನ್–ಅಟ್ಲಾಸ್ ಧೂಮಕೇತುವಿನ ಚಿತ್ರ ಬರೆದೆ. 10×50ರಲ್ಲಿ ನೋಡಿದ್ದು. ಪಶ್ಚಿಮದಲ್ಲಿ, ಶುಕ್ರಕ್ಕೂ ಸ್ವಾತಿ ನಕ್ಷತ್ರಕ್ಕೂ ನಡುವೆ ಇತ್ತು. ದೊಡ್ಡ ಬಾಲ ಮೇಲಕ್ಕೆ. ಆದರೆ ತಲೆಯಿಂದ ಕೆಳಕ್ಕೆ, ಸೂರ್ಯ ಮುಳುಗಿದ ಕಡೆಗೇ, ಇನ್ನೊಂದು ತೆಳು ನೇರ ಗೆರೆ ಕಂಡಿತು. ಬರೆದೆ. ಬೇರೊಂದು ಗ್ರೂಪಿನಲ್ಲಿ ಹಾಕಿದಾಗ ‘ಬಾಲ ಯಾವತ್ತೂ ಸೂರ್ಯನಿಂದ ದೂರಕ್ಕೆ ಇರುತ್ತದೆ, ಶಾಲೆಯಲ್ಲಿ ಓದಲಿಲ್ಲವಾ’ ಅಂತ ಎಲ್ಲರೂ ನಕ್ಕರು. ನಾನು ಕಂಡದ್ದು ಏನು?

ಕ್ಯಾಮೆರಾ ಕೈ: ಬೈನಾಕ್ಯುಲರಿನೊಳಗಿನ ಪ್ರತಿಫಲನ ಇರಬೇಕು.

ಮೇಡಂ: ಪ್ರತಿಫಲನ ಅಲ್ಲ ಅಂತಲೇ ನನಗೆ ಅನಿಸುತ್ತದೆ. ನಕ್ಕವರು ಅರ್ಧ ಮಾತ್ರ ಓದಿದ್ದಾರೆ. ನೀವು ಕಂಡದ್ದು ಎದುರುಬಾಲ. ದಿನಾಂಕ ನೋಡಿದ ಕೂಡಲೇ ನನಗೆ ಖುಷಿಯಾಯಿತು.

ಧೂಮಕೇತುವಿಗೆ ಒಂದೇ ಬಾಲ ಅಲ್ಲ. ವಿದ್ಯುತ್ ಅಂಶ ಇರುವ ಅನಿಲದ ಬಾಲವನ್ನು ಸೂರ್ಯನಿಂದ ಬೀಸುವ ಸೌರಮಾರುತ ತಳ್ಳುತ್ತದೆ. ಅದು ನೀಲಿ, ನೆಟ್ಟಗೆ, ಸೂರ್ಯನಿಗೆ ಬೆನ್ನು ಹಾಕಿಯೇ ಇರುತ್ತದೆ. ಸಣ್ಣ ಧೂಳಿನ ಬಾಲವನ್ನು ಬೆಳಕಿನ ಒತ್ತಡ ತಳ್ಳುತ್ತದೆ. ಅದು ಹಿಂದೆ ಬಿದ್ದು ಬಾಗುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಸ್ವಲ್ಪ ದೊಡ್ಡ ಕಣಗಳನ್ನು ಬೆಳಕು ಅಷ್ಟು ಸುಲಭವಾಗಿ ತಳ್ಳಲಾರದು. ಅವು ಧೂಮಕೇತು ಸಾಗಿದ ದಾರಿಯಲ್ಲೇ, ಆ ಕಕ್ಷೆಯ ಸಮತಲದಲ್ಲೇ, ತೆಳ್ಳಗಿನ ಹಾಳೆಯ ಹಾಗೆ ಹರಡಿ ಉಳಿಯುತ್ತವೆ. ಹಾಳೆಯನ್ನು ಮುಖದ ಕಡೆಯಿಂದ ನೋಡಿದರೆ ಏನೂ ಕಾಣುವುದಿಲ್ಲ, ಧೂಳು ಅಷ್ಟು ವಿರಳ. ಭೂಮಿ ಆ ಸಮತಲವನ್ನು ದಾಟುವಾಗ ನಾವು ಅದನ್ನು ಅಂಚಿನಿಂದ ನೋಡುತ್ತೇವೆ. ಆಗ ಧೂಳೆಲ್ಲ ಒಂದೇ ಗೆರೆಯಲ್ಲಿ ಸೇರಿ ಕಾಣುತ್ತದೆ. ನಾವು ನಿಂತ ಕೋನದಿಂದ ಆ ಗೆರೆ ಸೂರ್ಯನ ಕಡೆ ಚಾಚಿದಂತೆ ಕಾಣುತ್ತದೆ. ಸೂರ್ಯನ ಕಡೆಗೆ ಯಾವುದೂ ಹಾರುತ್ತಿಲ್ಲ.

ಈ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಹೋದದ್ದು ಸೆಪ್ಟೆಂಬರ್ 27ರಂದು. ಭೂಮಿಗೆ ಹತ್ತಿರ ಬಂದದ್ದು ಅಕ್ಟೋಬರ್ 12ರಂದು. ನಾವು ಅದರ ಕಕ್ಷೆಯ ಸಮತಲ ದಾಟಿದ್ದು ಅಕ್ಟೋಬರ್ 14ರ ಆಸುಪಾಸು. ನಿಮ್ಮ ದಿನಾಂಕ ಅದೇ. ಪ್ರಪಂಚದ ಬೇರೆ ಬೇರೆ ಕಡೆ ಆ ದಿನಗಳಲ್ಲಿ ತೆಗೆದ ಫೋಟೊಗಳಲ್ಲೂ ಈ ಗೆರೆ ಇದೆ. 1957ರ ಏಪ್ರಿಲಿನಲ್ಲಿ ಅರೆಂಡ್–ರೋಲಾಂಡ್ ಧೂಮಕೇತು ಇದೇ ಎದುರುಬಾಲದಿಂದ ಹೆಸರಾಯಿತು. ನೀವು ಮೊದಲೇ ಓದಿಕೊಂಡು ಹುಡುಕಿದ್ದಲ್ಲ, ಕಂಡದ್ದನ್ನು ಬರೆದಿದ್ದೀರಿ. ಅದೂ ಹುಣ್ಣಿಮೆಗೆ ಮೂರೇ ದಿನ ಇದ್ದ ಬೆಳುದಿಂಗಳಿನಲ್ಲಿ. ಒಳ್ಳೆಯ ಕಣ್ಣು ನಿಮ್ಮದು.

ಈಗ ನನ್ನ ಪ್ರಶ್ನೆಗಳು. ಸೂರ್ಯ ಮುಳುಗಿ ಎಷ್ಟು ಹೊತ್ತಾಗಿತ್ತು? ಬೈನಾಕ್ಯುಲರ್ ಅಲುಗಿಸಿದಾಗ ಗೆರೆ ಧೂಮಕೇತುವಿನ ಜೊತೆಗೇ ಇತ್ತಾ, ನೋಟದಲ್ಲಿ ಬೇರೆ ಕಡೆ ಜಾರಿತಾ? ಪ್ರತಿಫಲನವಾದರೆ ಜಾರುತ್ತದೆ. ಗೆರೆ ಎಷ್ಟು ಉದ್ದ? ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿ 10 ಡಿಗ್ರಿ. ಹಿಂದಿನ ಮುಂದಿನ ದಿನಗಳಲ್ಲಿ ಬರೆದಿದ್ದೀರಾ? ಮನೆಗೆ ಹೋಗಿ ಚಿತ್ರ ತಿದ್ದಿದ್ದೀರಾ?

ಮೂರನೇ ಮಹಡಿ: ಹೋಲ್ಡರ್ ಬಗ್ಗೆ ಯಾರಾದರೂ ಹೇಳಿ. ಎರಡನೇ ಸಲ ಕೇಳುತ್ತಿದ್ದೇನೆ.

ಹಸಿರು ಬೆಳಕು: 3ಐ/ಅಟ್ಲಾಸ್ ಅನ್ಯಗ್ರಹದವರ ನೌಕೆ ಅಂತಾರಲ್ಲ?

ಮೇಡಂ: ಅಲ್ಲ. ಬೇರೆ ನಕ್ಷತ್ರದ ಕಡೆಯಿಂದ ಬಂದ ಧೂಮಕೇತು. 2025ರ ಜುಲೈ 1ರಂದು ಕಂಡುಹಿಡಿದದ್ದು. ನಮಗೆ ಗೊತ್ತಾದ ಅಂಥ ಮೂರನೇ ಕಾಯ.

ದೊಡ್ಡ ಲೆನ್ಸ್: ಈಗ ರೋಬೋಟ್ ಟೆಲಿಸ್ಕೋಪುಗಳೇ ಎಲ್ಲ ಹಿಡಿಯುತ್ತವೆ. ಹವ್ಯಾಸಿಗಳು ಸುಮ್ನೆ ಚಳಿಯಲ್ಲಿ ಕೂರಬೇಕು.

ಮಾಜಿ ಮೇಷ್ಟ್ರು: ಅಂಥ ಎರಡನೆಯದನ್ನು 2019ರಲ್ಲಿ ಹಿಡಿದ ಬೊರಿಸೊವ್ ಹವ್ಯಾಸಿಯೇ. ತಾನೇ ಕಟ್ಟಿದ ಟೆಲಿಸ್ಕೋಪ್.

ದೊಡ್ಡ ಲೆನ್ಸ್: 65 ಸೆಂಟಿಮೀಟರ್ ಕನ್ನಡಿ ಮೇಷ್ಟ್ರೇ ಅದು. ನಿಮ್ಮ ಹತ್ತಿರ ಇದೆಯಾ?

ಮಾಜಿ ಮೇಷ್ಟ್ರು: ಇಲ್ಲ. ಹಾಗಂತ ಹವ್ಯಾಸಿಗಳು ಸುಮ್ನೆ ಕೂರುತ್ತಾರೆ ಅನ್ನುವುದು ತಪ್ಪು. ತಪ್ಪು ಅಂದರೆ ತಪ್ಪು.

ಕ್ಯಾಮೆರಾ ಕೈ: ಇಬ್ಬರೂ ಬೇರೆ ಕಡೆ ಹೋಗಿ ವಾದ ಮಾಡಿ. ಇದು ಪ್ರಶ್ನೋತ್ತರ.

ಹೊಸಬ: ‘ಶತಮಾನದ ಧೂಮಕೇತು’ ಅಂತ ಪ್ರತಿ ವರ್ಷ ಸುದ್ದಿ ಬರುತ್ತದೆ. ಯಾವುದನ್ನು ನಂಬಬೇಕು ಮೇಡಂ?

ಮೇಡಂ: ಯಾವುದನ್ನೂ ಬೇಡ. ಐಸಾನ್ ಬಗ್ಗೆಯೂ ಹಾಗೇ ಬರೆದಿದ್ದರು, 2013ರ ನವೆಂಬರ್ 28ರಂದು ಸೂರ್ಯನ ಹತ್ತಿರ ಹೋಗಿ ಪುಡಿಯಾಯಿತು. ಹೋಮ್ಸ್ ಬಗ್ಗೆ ಯಾರೂ ಬರೆದಿರಲಿಲ್ಲ. 2007ರ ಅಕ್ಟೋಬರಿನಲ್ಲಿ ಎರಡೇ ದಿನದೊಳಗೆ ಅದು ಮ್ಯಾಗ್ನಿಟ್ಯೂಡ್ 17ರಿಂದ 3ರ ಒಳಗೆ ಬಂತು. ಅಂದರೆ ಲಕ್ಷಗಟ್ಟಲೆ ಪಟ್ಟು ಬೆಳಗಿತು. ಕಂಡದ್ದು ತಪ್ಪಿಸದೆ ಆಕಾಶ ನೋಡುತ್ತಿದ್ದವರಿಗೆ.

ಹಸಿರು ಬೆಳಕು: ಹಾಗಾದರೆ ಇವತ್ತು ರಾತ್ರಿ ಎಷ್ಟು ಗಂಟೆಗೆ?

ಅಡ್ಮಿನ್: ಮೂರನೇ ಸಲ. ಸಾಕು.

ಪೆನ್ಸಿಲ್ ಹಾಳೆ: ಮೇಡಂ, ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿತ್ತು. ಬೈನಾಕ್ಯುಲರ್ ಆಚೀಚೆ ಮಾಡಿದಾಗ ಗೆರೆ ತಲೆಯ ಜೊತೆಗೇ ಇತ್ತು. ಕಿರುಬೆರಳು ಹಿಡಿದು ನೋಡಲಿಲ್ಲ, ಆದರೆ ಬೈನಾಕ್ಯುಲರಿನ ನೋಟದ ಅರ್ಧದಷ್ಟು ಉದ್ದ. 13ರಂದು ಮೋಡ. 15ರಂದು ನೋಡಿದೆ, ಗೆರೆ ಇದ್ದಂತೆ ಅನಿಸಿತು, ಖಾತ್ರಿ ಇಲ್ಲ, ಹಾಗಾಗಿ ಬರೆಯಲಿಲ್ಲ. ತಿದ್ದಿಲ್ಲ.

ಮೇಡಂ: ಖಾತ್ರಿ ಇಲ್ಲದ್ದನ್ನು ಬರೆಯದೆ ಬಿಟ್ಟದ್ದು ಒಳ್ಳೆಯದು. ಆದರೆ ‘ನೋಡಿದೆ, ಖಾತ್ರಿ ಇಲ್ಲ’ ಅಂತ ಒಂದು ಸಾಲು ಹಾಳೆಯ ಮೂಲೆಯಲ್ಲಿ ಹಾಕಿಡಿ. ಅದೂ ದಾಖಲೆಯೇ. ಬೈನಾಕ್ಯುಲರಿನ ಮೇಲೆ ನೋಟದ ಅಗಲ ಡಿಗ್ರಿಯಲ್ಲಿ ಬರೆದಿರುತ್ತದೆ, 10×50ಕ್ಕೆ ಸಾಮಾನ್ಯವಾಗಿ 6ರ ಆಸುಪಾಸು. ಅದರ ಅರ್ಧ ಅಂದರೆ ಸುಮಾರು 3 ಡಿಗ್ರಿ. ಚಿತ್ರದಲ್ಲಿ ಎರಡು ನಕ್ಷತ್ರ ಗುರುತಿಸಿದ್ದರೆ ಅವುಗಳ ನಡುವಿನ ದೂರದಿಂದ ಇದನ್ನು ಮತ್ತೆ ಅಳೆಯಬಹುದು. ಸಮಯ, ದಿಕ್ಕು, ಉಪಕರಣ, ಚಂದ್ರ ಎಲ್ಲಿತ್ತು ಅನ್ನುವುದನ್ನು ಸೇರಿಸಿ ಧೂಮಕೇತು ವೀಕ್ಷಣೆಗಳ ಅಂತರರಾಷ್ಟ್ರೀಯ ದತ್ತಾಂಶಕ್ಕೆ ಕಳಿಸಲು ನಾನು ಸಹಾಯ ಮಾಡುತ್ತೇನೆ. ಮೂಲ ಹಾಳೆಯದೇ ಫೋಟೊ ಹಾಕಿ. ಕಾಂಟ್ರಾಸ್ಟ್ ಮುಟ್ಟಬೇಡಿ, ಅಂಚು ಕತ್ತರಿಸಬೇಡಿ.